ಲೆಕ್ಕಕ್ಕಿಲ್ಲದ ಮೊದಲ ಉಸಿರು

ಈ ಪ್ರಸಂಗದಲ್ಲಿ ಯಾವುದು ನಿಜವಾಗಿ ನಡೆದದ್ದು, ಯಾವುದು ನಾನು ಆಮೇಲೆ ಹೊಂದಿಸಿಕೊಂಡದ್ದು ಎಂದು ಖಚಿತವಾಗಿ ಹೇಳಲಾರೆ. ಔರಾದಿನ ಒಂದು ಅಂಗಳ, ಅಲ್ಲಿ ತೊಗರಿಯ ರಾಶಿ, ರಾಶಿಯ ಮುಂದೆ ಸೇರು ಹಿಡಿದು ಕುಳಿತ ಆ ಮನೆಯ ಮುದುಕಿ, ಪಕ್ಕದ ಮಂಚದ ಮೇಲೆ ನಾನು. ಈ ಚಿತ್ರ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಆದರೆ ನೆನಪು ಎಷ್ಟು ಸ್ಪಷ್ಟವಾಗಿದ್ದರೂ ಸುಳ್ಳಾಗಿರಬಹುದು ಎಂದು ಮೂವತ್ತು ವರ್ಷ ತರಗತಿಯಲ್ಲಿ ಪಾಠ ಹೇಳಿದವನೂ ನಾನೇ.

ಕೋವಿಡ್ ಲಾಕ್‌ಡೌನ್ ಮುಗಿದ ಮರುವರ್ಷ. ನಾನು ಬೀದರಿನ ಒಂದು ಪದವಿ ಕಾಲೇಜಿನಲ್ಲಿ ಮನಃಶಾಸ್ತ್ರ ವಿಭಾಗದ ಮುಖ್ಯಸ್ಥನಾಗಿದ್ದೆ. ವಿಭಾಗದಲ್ಲಿ ಇದ್ದವರು ಇಬ್ಬರೇ ಆದ್ದರಿಂದ ಮುಖ್ಯಸ್ಥ ಎಂಬ ಮಾತಿಗೆ ಹೆಚ್ಚಿನ ಅರ್ಥವಿರಲಿಲ್ಲ. ನಿವೃತ್ತಿಗೆ ಮೂರು ವರ್ಷ ಉಳಿದಿದ್ದಾಗ, ಬಹಳ ಕಾಲದಿಂದ ಕೇಳುತ್ತಿದ್ದ ಒಂದು ಸಂಶೋಧನಾ ಯೋಜನೆ ಮಂಜೂರಾಯಿತು. ವಿಷಯ ಮೆಟಾ-ಅವೇರ್‌ನೆಸ್. ಸರಳವಾಗಿ ಹೇಳುವುದಾದರೆ, ನಮ್ಮ ಮನಸ್ಸು ಈಗ ಎಲ್ಲಿದೆ ಎಂಬುದು ನಮಗೆ ಗೊತ್ತಿರುವುದು. ಓದುತ್ತ ಓದುತ್ತ ಮನಸ್ಸು ಬೇರೆಲ್ಲೋ ಹೋಗುತ್ತದೆ, ಅದು ಮೊದಲನೆಯದು. 'ಅರೆ, ಮನಸ್ಸು ಬೇರೆಲ್ಲೋ ಹೋಗಿತ್ತಲ್ಲ' ಎಂದು ಥಟ್ಟನೆ ತಿಳಿಯುತ್ತದೆ, ಅದು ಎರಡನೆಯದು. ನಮಗೆ ಬೇಕಾಗಿದ್ದದ್ದು ಈ ಎರಡನೆಯದು.

ಅದನ್ನು ಅಳೆಯಲು ಉಸಿರು ಎಣಿಸುವ ಒಂದು ಪರೀಕ್ಷೆ ಇದೆ. ಕಣ್ಣು ಮುಚ್ಚಿ ಕೂರಬೇಕು. ಕೈಯಲ್ಲಿ ಮೂರು ಗುಂಡಿಗಳ ಚಿಕ್ಕ ಪೆಟ್ಟಿಗೆ. ಒಂದರಿಂದ ಎಂಟರವರೆಗೆ ಪ್ರತಿ ಉಸಿರಿಗೂ ಮೊದಲ ಗುಂಡಿ, ಒಂಬತ್ತನೆಯ ಉಸಿರಿಗೆ ಎರಡನೆಯ ಗುಂಡಿ, ಮತ್ತೆ ಒಂದರಿಂದ. ಎಣಿಕೆ ತಪ್ಪಿತು ಎಂದು ತಾನಾಗಿಯೇ ತಿಳಿದರೆ ಮೂರನೆಯ ಗುಂಡಿ ಒತ್ತಿ ಹೊಸದಾಗಿ ಶುರು ಮಾಡಬೇಕು. ಮೂರನೆಯದನ್ನು ಒತ್ತಿದವನು ತಪ್ಪಿದ, ಆದರೆ ತಪ್ಪಿದ್ದನ್ನು ಅರಿತ. ಹತ್ತನೆಯ ಉಸಿರಿಗೋ ಏಳನೆಯ ಉಸಿರಿಗೋ ಎರಡನೆಯ ಗುಂಡಿ ಒತ್ತಿ ನಿಶ್ಚಿಂತೆಯಿಂದ ಮುಂದೆ ಹೋದವನು ತಪ್ಪಿದ್ದನ್ನೂ ಅರಿಯಲಿಲ್ಲ. ಬೀದರ್ ನಗರ, ಭಾಲ್ಕಿ, ಔರಾದ್ ಈ ಮೂರು ಕಡೆ ತಲಾ ಇಪ್ಪತ್ತು ಜನರನ್ನು ಕೂರಿಸುವುದು ನಮ್ಮ ಯೋಜನೆಯಾಗಿತ್ತು.

ಸಹಾಯಕಿಯಾಗಿ ಬಂದವಳು ಸುಜಾತಾ. ಭಾಲ್ಕಿ ತಾಲ್ಲೂಕಿನ ಸಾಯಗಾಂವದವಳು, ಬೌದ್ಧ ಮನೆತನದ ಹುಡುಗಿ, ಮನಃಶಾಸ್ತ್ರದಲ್ಲಿ ಎಂ.ಎ. ಬೇರೆ ಊರಿನ ಪ್ರಾಧ್ಯಾಪಕರೊಬ್ಬರ ಮಾರ್ಗದರ್ಶನದಲ್ಲಿ ಪಿಎಚ್.ಡಿ.ಗೆ ಮೂರು ವರ್ಷದ ಹಿಂದೆಯೇ ನೋಂದಾಯಿಸಿದ್ದಳು. ಈ ಯೋಜನೆಯ ದತ್ತಾಂಶವನ್ನೇ ಪ್ರಬಂಧಕ್ಕೂ ಬಳಸಿಕೊಳ್ಳಲು ನಾನು ಒಪ್ಪಿಗೆ ಕೊಟ್ಟಿದ್ದೆ. ಅಲ್ಲಿಯವರೆಗೆ ನನಗೆ ಆಕೆಯ ಬಗ್ಗೆ ಯಾವ ಭಾವನೆಯೂ ಇರಲಿಲ್ಲ.

ಹೊಟ್ಟೆಕಿಚ್ಚು ಶುರುವಾದದ್ದು ಮೊದಲ ವಾರದಲ್ಲೇ. ಪರೀಕ್ಷೆಯನ್ನು ಜನರ ಮೇಲೆ ಮಾಡುವ ಮೊದಲು ನಾವೇ ಮಾಡಿ ನೋಡಬೇಕಿತ್ತು. ಸುಜಾತಾ ಇಪ್ಪತ್ತು ನಿಮಿಷ ಕೂತಳು. ಒಂದೂ ತಪ್ಪಿಲ್ಲ. ನಾನು ಎರಡನೆಯ ನಿಮಿಷಕ್ಕೇ ತಪ್ಪಿದೆ. ಕಂಪ್ಯೂಟರಿನಲ್ಲಿ ನನ್ನ ಫಲಿತಾಂಶದ ಕೆಂಪು ಗೆರೆಗಳನ್ನು ನೋಡಿ ಆಕೆ, "ಸರ್, ಮೊದಲ್ನೇ ಸಲ ಎಲ್ಲಾರಿಗೂ ಹಿಂಗೇ ಆಗ್ತದರಿ" ಎಂದಳು. ಆ ಸಮಾಧಾನದ ಮಾತು ನನಗೆ ಫಲಿತಾಂಶಕ್ಕಿಂತ ಹೆಚ್ಚು ಚುಚ್ಚಿತು. ಪೆಟ್ಟಿಗೆಯನ್ನು ಮೈಲೂರು ಬಡಾವಣೆಯ ನನ್ನ ಮನೆಗೆ ಒಯ್ದು ಬೆಳಿಗ್ಗೆ ಸ್ನಾನಕ್ಕೆ ಮುಂಚೆ ಅಭ್ಯಾಸ ಮಾಡತೊಡಗಿದೆ. ನಾಲ್ಕನೆಯ ಉಸಿರಿಗೆ ಬರುವಷ್ಟರಲ್ಲಿ ಮನಸ್ಸು ಸುಜಾತಾಳ ಕಡೆ ಹೋಗುತ್ತಿತ್ತು: ಈಗ ಆಕೆ ಎಷ್ಟನೆಯ ನಿಮಿಷದಲ್ಲಿರಬಹುದು? ಒಂದು ದಿನ ಹೆಂಡತಿ ಅಡುಗೆಮನೆಯಿಂದ ಇಣುಕಿ ಕೇಳಿದಳು: "ರೀ, ಉಸಿರ ಎಣಸ್ಲಿಕ್ಕ ಹಲ್ಲ್ಯಾಕ ಕಡೀಲಾಕತ್ತೀರಿ?"

ಊರುಗಳಿಗೆ ಹೋದ ಮೇಲೆ ಅದು ಇನ್ನೂ ಹೆಚ್ಚಿತು. ಸಾಯಗಾಂವದಲ್ಲಿ ಹೆಂಗಸರು ಆಕೆಯ ಸುತ್ತ ಕೂತು ಹರಟಿಕೊಂಡೇ ಪರೀಕ್ಷೆಗೆ ತಯಾರಾಗುತ್ತಿದ್ದರು. "ಏ ಸುಜಾತಾ, ಇಷ್ಟ ದಿನ ಜ್ವಾಳಾ ಎಣಿಸಿ ಕೊಟ್ಟೇವಿ, ಈಗ ಉಸಿರೂ ಎಣಿಸಿ ಕೊಡಬೇಕೇನವ್ವ?" ಎಂದು ಒಬ್ಬಾಕೆ ಕೇಳಿದಾಗ ಎಲ್ಲರೂ ನಕ್ಕರು. ನಾನೂ ನಕ್ಕು ಹತ್ತಿರ ಹೋದೆ. ನಗು ನಿಂತಿತು. ಅವರಲ್ಲಿ ಹಿರಿಯಳೊಬ್ಬಳು ಬಹಳ ಮರ್ಯಾದೆಯಿಂದ, "ಸಾಹೇಬ್ರ, ನೀವು ಜರಾ ಆ ಕಡಿ ಕುಂದರ್ರಿ. ನೀವು ಎದರ ನಿಂತ್ರ ನಮಗ ಉಸಿರೇ ಬರಂಗಿಲ್ರಿ" ಎಂದಳು. ಆ ಕಡೆ ಹೋಗಿ ಜೀಪಿನ ಪಕ್ಕ ನಿಂತೆ. ಚಾಲಕ ಖಾಜಾಮಿಯಾ ನನ್ನ ಮುಖ ನೋಡಿ ಒಂದು ಸ್ಟೂಲು ತಂದಿಟ್ಟ. ವಿಶ್ವವಿದ್ಯಾಲಯದಲ್ಲಿ ಬಂಗಾರದ ಪದಕ ಪಡೆದವನು ನಾನು. ಸಂದರ್ಶನ ನಡೆಸುವುದು ಹೇಗೆ ಎಂದು ಆಕೆಯಂಥ ನೂರಾರು ಜನಕ್ಕೆ ಕಲಿಸಿದವನು.

ದತ್ತಾಂಶ ಬರುತ್ತ ಹೋದಂತೆ ಒಂದು ವಿಚಿತ್ರ ಕಾಣಿಸಿತು. ಬೀದರ್ ನಗರದವರು ಎಲ್ಲರಂತೆ ತಪ್ಪುತ್ತಿದ್ದರು, ಮೂರನೆಯ ಗುಂಡಿ ಒತ್ತುತ್ತಿದ್ದರು. ಭಾಲ್ಕಿ ಮತ್ತು ಔರಾದಿನ ಹಳ್ಳಿಗಳ ಹಲವು ಹಿರಿಯರು ಮಾತ್ರ ಪ್ರತಿ ಸುತ್ತಿನಲ್ಲೂ ತಪ್ಪುತ್ತಿದ್ದರು, ಮೂರನೆಯ ಗುಂಡಿಯನ್ನು ಒಮ್ಮೆಯೂ ಮುಟ್ಟುತ್ತಿರಲಿಲ್ಲ. ನನಗೆ ಹಿಗ್ಗೋ ಹಿಗ್ಗು. ಸತತವಾಗಿ ತಪ್ಪುತ್ತಿದ್ದರೂ ತಪ್ಪಿನ ಸುಳಿವೇ ಇಲ್ಲದ ಮನಸ್ಸು! ಹೈದರಾಬಾದಿನ ಒಂದು ಸಮ್ಮೇಳನಕ್ಕೆ ಪ್ರಬಂಧದ ಕರಡು ಬರೆಯಲು ಕೂತೇಬಿಟ್ಟೆ.

ಆಗ ಯಾರೋ ಒಂದು ಮಾತು ಹೇಳಿದರು. ಆ ತಪ್ಪುಗಳೆಲ್ಲ ಹತ್ತನೆಯ ಉಸಿರಿನಲ್ಲೇ ಇವೆ. ಅಲೆದಾಡುವ ಮನಸ್ಸು ಒಮ್ಮೆ ಏಳಕ್ಕೆ, ಒಮ್ಮೆ ಹನ್ನೊಂದಕ್ಕೆ ತಪ್ಪುತ್ತದೆ. ತಪ್ಪಿಗೆ ಇಷ್ಟು ಶಿಸ್ತು ಇರುವುದಿಲ್ಲ. ಈ ಮಾತು ಹೇಳಿದ್ದು ನಾನೇ ಎಂದು ನನ್ನ ನೆನಪು. ಸುಜಾತಾ ಹೇಳಿದ್ದಿರಲೂಬಹುದು. ವಿಭಾಗದ ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಇದನ್ನು ಇತ್ಯರ್ಥ ಮಾಡುವ ದಾರಿ ಈಗ ಇಲ್ಲ.

ಅದಾದ ಕೆಲವು ದಿನಕ್ಕೆ ಮತ್ತೆ ಔರಾದಿಗೆ ಹೋದೆವು. ಅಲ್ಲಿ ಕಾಶಿಬಾಯಿ ಎಂಬ ಎಪ್ಪತ್ತು ದಾಟಿದ ಹೆಂಗಸು ಪರೀಕ್ಷೆಗೆ ಕೂತಳು. ಮುಂದಿನದು ನನ್ನ ನೆನಪಿನಲ್ಲಿ ಇರುವಂತೆ ಹೇಳುತ್ತೇನೆ. ಪರೀಕ್ಷೆ ಮುಗಿಸಿ ಕಾಶಿಬಾಯಿ ಅಂಗಳದ ತೊಗರಿ ರಾಶಿ ಅಳೆಯಲು ಹೋದಳು. ಮೊದಲ ಸೇರನ್ನು ತುಂಬಿ ಬೇರೆ ಮೊರಕ್ಕೆ ಸುರಿದಳು. ಎರಡನೆಯ ಸೇರನ್ನು ಚೀಲಕ್ಕೆ ಹಾಕಿ 'ಒಂದು' ಎಂದಳು. ಮಂಚದ ಮೇಲಿದ್ದ ನಾನು ಕೇಳಿದೆ: "ಆಯಿ, ಮೊದಲ್ನೇದು ಯಾಕ ಎಣಸಲಿಲ್ಲ?" ಆಕೆ, "ಅದು ದೇವರದು ನೋಡ್ರಿ. ದೇವರದು ಲೆಕ್ಕಕ್ಕ ಹ್ಯಾಂಗ ಹಿಡೀಬೇಕ್ರಿ?" ಎಂದಳು. ತಕ್ಷಣ ನನ್ನ ಹುಟ್ಟೂರು ಮನ್ನಳ್ಳಿಯ ನಮ್ಮ ಕಣದಲ್ಲಿ ನನ್ನ ಅಜ್ಜಿ ಹಾಗೆಯೇ ಅಳೆಯುತ್ತಿದ್ದದ್ದು ನೆನಪಾಯಿತು. "ಉಸಿರಿಂದೂ ಹಾಂಗೇ ಮಾಡಿದ್ರೇನು?" ಎಂದೆ. "ಮತ್ತ? ಮೊದಲ್ನೇ ಉಸಿರೂ ಅವನದೇ ಅಲ್ರಿ" ಎಂದಳು ಕಾಶಿಬಾಯಿ. ನಾನು ಸುಜಾತಾಳ ಕಡೆ ತಿರುಗಿ ನೋಡಿದೆ.

ಹೀಗೆ ಗಂಟು ಬಿಚ್ಚಿತು. ಅವರು ತಪ್ಪಿರಲೇ ಇಲ್ಲ. ಪ್ರತಿ ಸುತ್ತನ್ನೂ ಹೊಸ ರಾಶಿಯಂತೆ ನೋಡಿ, ಮೊದಲ ಉಸಿರಿಗೆ ಗುಂಡಿ ಒತ್ತಿ, ಅದನ್ನು ದೇವರಿಗೆ ಬಿಟ್ಟು, ಎರಡನೆಯದರಿಂದ ಒಂಬತ್ತು ಎಣಿಸಿದ್ದರು. ಮೊದಲು ಪರೀಕ್ಷೆಗೆ ಕೂತಿದ್ದ ಹಿರಿಯರನ್ನು ಮತ್ತೆ ಕೇಳಿ ನೋಡಿದೆವು. ಹತ್ತಕ್ಕೆ ಒತ್ತಿದವರೆಲ್ಲ ಹೇಳಿದ್ದು ಅದನ್ನೇ. ಲೆಕ್ಕವನ್ನು ತಿದ್ದಿದಾಗ, ನಾನು ಅರಿವಿಲ್ಲದವರೆಂದು ಬರೆದಿದ್ದ ಆ ಹಿರಿಯರು ಬೀದರ್ ನಗರದ ಗುಂಪಿನಲ್ಲಿ ಕೂತಿದ್ದ ನಮ್ಮ ಕಾಲೇಜಿನ ಸಿಬ್ಬಂದಿಗಿಂತ ಹೆಚ್ಚು ಎಚ್ಚರವಾಗಿದ್ದರು.

ಮರುವರ್ಷದ ಸಮ್ಮೇಳನದಲ್ಲಿ ಇದನ್ನೇ ಮಂಡಿಸಿದೆ. ಜೀವನದಲ್ಲಿ ಮೊದಲ ಸಲ ನನ್ನ ಮಾತಿಗೆ ಸಭೆ ನೆಟ್ಟಗೆ ಕೂತು ಕೇಳಿತು. "ನಿಮಗೆ ಇದು ಹೊಳೆದದ್ದು ಹೇಗೆ?" ಎಂದು ಹಿರಿಯರೊಬ್ಬರು ಕೇಳಿದಾಗ ಅಂಗಳ, ರಾಶಿ, ನನ್ನ ಅಜ್ಜಿ ಎಲ್ಲವನ್ನೂ ಹೇಳಿದೆ. ಸುಜಾತಾಳ ಹೆಸರು ಕೊನೆಯ ಸ್ಲೈಡಿನ ಕೃತಜ್ಞತೆಯಲ್ಲಿ, ಖಾಜಾಮಿಯಾನ ಹೆಸರಿನ ಮೇಲೆ ಇತ್ತು. ಆಮೇಲೆ ತರಗತಿಗಳಲ್ಲಿ, ಶಿಕ್ಷಕರ ತರಬೇತಿಗಳಲ್ಲಿ ಈ ಕಥೆಯನ್ನು ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ.

ನಿವೃತ್ತಿಗೆ ಐದಾರು ತಿಂಗಳಿದ್ದಾಗ ಸುಜಾತಾಳ ವಿಶ್ವವಿದ್ಯಾಲಯದಿಂದ ಒಂದು ಪತ್ರ ಬಂತು. ಆಕೆಯ ಪ್ರಬಂಧದ ನಾಲ್ಕನೆಯ ಅಧ್ಯಾಯ ಪೂರ್ತಿ ಈ 'ಮೊದಲ ಉಸಿರಿ'ನ ಮೇಲಿತ್ತು, ಅದು ತನ್ನ ಸ್ವಂತ ಗಮನಿಕೆ ಎಂದು ಆಕೆ ಬರೆದಿದ್ದಳು. ಪರಿಶೀಲನಾ ಸಮಿತಿಯ ಸದಸ್ಯರೊಬ್ಬರು ಹೈದರಾಬಾದಿನಲ್ಲಿ ನನ್ನ ಭಾಷಣ ಕೇಳಿದವರು. ಇದು ಯಾರ ಗಮನಿಕೆ, ಲಿಖಿತವಾಗಿ ತಿಳಿಸಿ ಎಂದು ಸಮಿತಿ ಕೇಳಿತ್ತು. ಆಕೆಯ ನೋಂದಣಿಯ ಅವಧಿ ಅದೇ ಸೆಮಿಸ್ಟರಿಗೆ ಮುಗಿಯುತ್ತಿತ್ತು. ನಾಲ್ಕನೆಯ ಅಧ್ಯಾಯ ಬಿದ್ದರೆ ಪ್ರಬಂಧವೇ ಬಿದ್ದಂತೆ.

ಹತ್ತು ನಿಮಿಷದಲ್ಲಿ ಉತ್ತರ ಬರೆದೆ. 'ಗಮನಿಕೆ ಯೋಜನೆಯ ಮುಖ್ಯಸ್ಥನಾದ ನನ್ನದು. ದತ್ತಾಂಶದ ಪರಿಶೀಲನೆಯಲ್ಲಿ ಅಭ್ಯರ್ಥಿ ನೆರವಾಗಿದ್ದಾರೆ.' ಬರೆಯುವಾಗ ನನಗೆ ಸುಳ್ಳು ಹೇಳುತ್ತಿರುವ ಭಾವನೆ ಲವಲೇಶವೂ ಇರಲಿಲ್ಲ. ಸಂತೋಷ ಮಾತ್ರ ಇತ್ತು, ಅದನ್ನು ಒಪ್ಪಿಕೊಳ್ಳಬೇಕು.

ಸಮಿತಿ ನನ್ನ ಉತ್ತರವನ್ನು ಆಕೆಗೆ ಕಳಿಸಿರಬೇಕು, ನಾಲ್ಕನೆಯ ದಿನ ಸುಜಾತಾ ವಿಭಾಗಕ್ಕೆ ಬಂದಳು. ಕೂರಲು ಹೇಳಿದರೂ ಕೂರಲಿಲ್ಲ.

"ಸರ್, ನಿಮಗ ಖರೇನ ಹಂಗೇ ನೆನಪದ ಏನ್ರಿ?"

"ಖರೇನ ಅದ. ಅಂಗಳದಾಗ ತೊಗರಿ ರಾಶಿ ಇತ್ತು. ನಾ ಮಂಚದ ಮ್ಯಾಲಿದ್ದೆ."

"ನಾವ್ ಹೋದಾಗ ರಾಶಿ ಎಲ್ಲಿತ್ರಿ ಸರ್? ತೊಗರಿ ಇನ್ನಾ ಹೊಲದಾಗ ಹಸರ ಇತ್ತು. ನೀವು ಹೊರಗ ರಸ್ತಾದಾಗ ಫೋನಿನ್ಯಾಗ ಇದ್ರಿ. ಆಯಿಗಿ ಕೇಳ್ದಾಕಿ ನಾ."

"ಮೊದಲ್ನೇ ಸೇರು ದೇವರಿಗಿ ಬಿಡೋದು ನಮ್ಮ ಮನ್ಯಾಗಿನ ಪದ್ಧತಿ ಸುಜಾತಾ. ನಾ ಅದನ್ನ ನೋಡಕೋತ ಬೆಳದಾಂವ. ನಿಮ್ಮ ಮನ್ಯಾಗ ಅದು ಇಲ್ಲ. ನಿಮಗ ಹ್ಯಾಂಗ ಹೊಳೀತದ?"

"ಇಲ್ಲಂತೇ ಹೊಳೀತ್ರಿ. ನಮ್ಮವ್ವ ಮಂದಿ ಕಣದಾಗ ಅಳೀಲಿಕ್ಕ ಹೋಗ್ತಿದ್ಳು. ಹತ್ತ ಸೇರು ತುಂಬಿ ಒಂಬತ್ತ್ಯಾಕ ಅಂತೀರಿ ಅಂತ ನಾ ಸಣ್ಣಾಕಿದ್ದಾಗ ಕೇಳಿ, ಆ ಮನಿ ಗೌಡ್ತಿ ಕೈಲಿಂದ ಬೈಸ್ಕೊಂಡಿದ್ದೆ. ನೀವು ಎಂದರ ಕೇಳಿದ್ರೇನ್ರಿ ಸರ್, ನಿಮ್ಮ ಅಜ್ಜಿಗಿ?"

ನಾನು ಕೇಳಿರಲಿಲ್ಲ. ಕೇಳಬೇಕೆಂದು ಅನಿಸಿಯೂ ಇರಲಿಲ್ಲ. ನಮ್ಮ ಮನೆಯ ಪದ್ಧತಿಯನ್ನು ನನಗಿಂತ ಚೆನ್ನಾಗಿ ಕಂಡವಳು ನಮ್ಮಂಥವರ ಕಣದ ಅಂಚಿನಲ್ಲಿ ನಿಂತಿದ್ದ ಹುಡುಗಿ. ಆ ಗಳಿಗೆಯಲ್ಲಿ ಆಕೆಯ ಮೇಲೆ ಬಂದಷ್ಟು ಸಿಟ್ಟು ನನಗೆ ಯಾರ ಮೇಲೂ ಬಂದಿಲ್ಲ.

"ಅವತ್ತಿನ ರೆಕಾರ್ಡಿಂಗ್ ನಿಮ್ಮ ಕಪಾಟಿನ್ಯಾಗ ಅದರಿ. ಕೇಳಿ ನೋಡ್ರಿ" ಎಂದಳು. ಪ್ರತಿ ಪರೀಕ್ಷೆಯ ನಂತರದ ಮಾತುಕತೆಯನ್ನು ಒಪ್ಪಿಗೆ ಪಡೆದು ಧ್ವನಿಮುದ್ರಿಸುವುದು ಯೋಜನೆಯ ನಿಯಮವಾಗಿತ್ತು. ಗುಂಡಿಗಳ ದತ್ತಾಂಶ ಸಾಕಾಗಿದ್ದರಿಂದ ಅವನ್ನು ಯಾರೂ ತೆರೆದಿರಲಿಲ್ಲ.

"ಕೇಳ್ತೇನಿ" ಎಂದೆ.

"ನನಗ ಉತ್ತರಾ ಕೊಡ್ಲಿಕ್ಕ ಸಮಿತಿಯವ್ರು ಹದಿನೈದು ದಿನಾ ಕೊಟ್ಟಾರ್ರಿ ಸರ್." ಬಾಗಿಲ ಹತ್ತಿರ ನಿಂತು ಇನ್ನೊಂದು ಮಾತು ಹೇಳಿದಳು: "ನಾ ನಿಮಗ ಸುಳ್ಳಾ ಅನ್ನಂಗಿಲ್ರಿ. ನಿಮಗ ಹಂಗೇ ಕಾಣಸ್ತದ. ಆದ್ರ ನಿಮ್ಮ ನೆನಪು ಸಮಿತಿಗಿ ಪತ್ರ ಬರೀತದ, ನನ್ನ ನೆನಪು ನಿಂತ ನೋಡ್ತದ."

ಕಪಾಟು ನನ್ನ ಕುರ್ಚಿಯಿಂದ ಹತ್ತು ಹೆಜ್ಜೆ ದೂರದಲ್ಲಿತ್ತು. ಕೀಲಿ ನನ್ನ ಜೇಬಿನಲ್ಲಿತ್ತು. ಒಂದು ವಾರ ನಾನು ಅದನ್ನು ತೆರೆಯಲಿಲ್ಲ. ಪರೀಕ್ಷೆಗಳಿದ್ದವು, ಕಾಲೇಜಿನ ಮೌಲ್ಯಮಾಪನಕ್ಕೆ ಬರುವ ನ್ಯಾಕ್ ಸಮಿತಿಯ ಕಡತಗಳಿದ್ದವು, ಕಾರಣಗಳಿಗೆ ಬರವಿರಲಿಲ್ಲ. ಎಂಟನೆಯ ದಿನ ಕಪಾಟು ಬಿಟ್ಟು, ನಲವತ್ತು ಕಿಲೋಮೀಟರಿಗೂ ಹೆಚ್ಚು ದೂರದ ಔರಾದಿಗೆ ಹೊರಟೆ. ಸಾಕ್ಷಿಯನ್ನೇ ನೇರವಾಗಿ ಕೇಳುವುದು ಹೆಚ್ಚು ವೈಜ್ಞಾನಿಕ ಎಂದು ನನಗೆ ನಾನೇ ಹೇಳಿಕೊಂಡೆ. ದಾರಿಯುದ್ದಕ್ಕೂ ಖಾಜಾಮಿಯಾನಿಗೆ ಇಡೀ ವಿಷಯ ಹೇಳಿದೆ. ಅವನು ಹ್ಞೂಂ ಹ್ಞೂಂ ಎನ್ನುತ್ತ ಓಡಿಸಿದ.

ಕಾಶಿಬಾಯಿಗೆ ಕಣ್ಣು ಮಂಜಾಗಿತ್ತು, ಗುರುತು ಹಿಡಿಯಲಿಲ್ಲ. ಉಸಿರು ಎಣಿಸಿದ್ದು ಮಾತ್ರ ನೆನಪಿತ್ತು.

"ಆಯಿ, ಅವತ್ತು ಮೊದಲ್ನೇ ಉಸಿರಿಂದು ನಿಮಗ ಕೇಳ್ದಾಂವ ನಾನೇ ಅಲ್ಲ? ನೀವು ರಾಶಿ ಅಳೀಲಾಕತ್ತಿದ್ರಿ."

"ಹೌದ್ರಿ ಸಾಹೇಬ್ರ, ನೀವೇ. ರಾಶಿ ಅಳೀತಿದ್ದೆ."

ಎದೆ ಹಗುರಾಯಿತು. ಆದರೆ ಸಂಶೋಧಕನ ಹಳೆಯ ಅಭ್ಯಾಸ ಸುಮ್ಮನಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮಾತು ತಿರುಗಿಸಿ ಕೇಳಿದೆ: "ಅವತ್ತು ನಾ ಹೊರಗ ಇದ್ನೇನೋ. ಆ ಹುಡುಗಿ ಕೇಳಿದ್ಳೇನ್ರಿ?"

"ಹೌದ್ರಿ, ಹುಡಗಿನೇ ಕೇಳಿದ್ಳು. ಚಲೋ ಹುಡಗಿ. ನೀವು ಹೊರಗಿದ್ರಿ."

ಒಳಗಿನಿಂದ ಚಹಾ ತಂದ ಸೊಸೆ ಸುರೇಖಾ ನಗು ತಡೆಯಲಾರದೆ, "ಅತ್ತಿಗಿ ಬಂದವರ ಮನಸ ಮುರೀಲಿಕ್ಕ ಬರಂಗಿಲ್ರಿ ಸರ್. ಹೋದ ವಾರ ಅಂಗನವಾಡಿ ಬಾಯಿ ಬಂದು ಕೇಳಿದ್ರ, ಕೂಸೇ ಇಲ್ಲದ ನಮ್ಮ ಮನ್ಯಾಗ ಎರಡ ಕೂಸು ಹುಟ್ಟ್ಯಾವ ಅಂತ ಬರಸ್ಯಾರ!" ಎಂದಳು.

"ಸುಮ್ನಿರಽ, ಪಾಪ ಆಕಿ ಬಿಸಲಾಗ ಬಂದಿದ್ಳು" ಎಂದಳು ಕಾಶಿಬಾಯಿ.

ಮರಳಿ ಬರುವಾಗ ಖಾಜಾಮಿಯಾ ಕೇಳಿದ: "ಸರ್, ಬುರಾ ಮಾನಬ್ಯಾಡ್ರಿ, ತಪ್ಪ ತಿಳೀಬ್ಯಾಡ್ರಿ. ಕಪಾಟು ಹತ್ತ ಹೆಜ್ಜಿ ಅಂದ್ರಿ. ಇಷ್ಟ ದೂರ ಯಾಕ ಬಂದ್ರಿ?"

"ನೀನು ಅವತ್ತು ಇದ್ದೆಲ್ಲ, ನೀನೇ ಹೇಳಪಾ. ನಾ ಎಲ್ಲಿದ್ದೆ?"

"ನಾ ಹೇಳಿದ್ರ ನನ್ನ ನೆನಪೂ ಖೋಟಾ ಅಂತೀರಿ. ಹೋಗಿ ಕೇಳ್ರಿ ಸರ್."

ಅದೇ ಸಂಜೆ ಕಪಾಟು ತೆರೆದೆ. ಮರುದಿನ ಬೆಳಿಗ್ಗೆ ಸಮಿತಿಗೆ ಎರಡನೆಯ ಪತ್ರ ಕಳಿಸಿದೆ. ಮೊದಲ ಪತ್ರ ತಪ್ಪು, ಗಮನಿಕೆ ಪೂರ್ತಿಯಾಗಿ ಅಭ್ಯರ್ಥಿಯದು, ನನ್ನ ಸಮ್ಮೇಳನದ ಪ್ರಬಂಧದಲ್ಲಿ ಅದನ್ನು ನನ್ನದೆಂದು ಹೇಳಿದ್ದೂ ತಪ್ಪು ಎಂದು ಬರೆದು, ಧ್ವನಿಮುದ್ರಿಕೆಯ ಪ್ರತಿಯನ್ನೂ ಲಗತ್ತಿಸಿದೆ. ಪತ್ರದ ಒಂದು ಪ್ರತಿ ಸುಜಾತಾಳಿಗೂ ಹೋಯಿತು. 'ಸಿಕ್ತು ಸರ್' ಎಂದಷ್ಟೇ ಸಂದೇಶ ಬಂತು. ನಾಲ್ಕನೆಯ ಅಧ್ಯಾಯ ಉಳಿಯಿತು. ಆಕೆ ಈಗ ಭಾಲ್ಕಿಯಲ್ಲಿ ಪಾಠ ಮಾಡುತ್ತಾಳೆ. ಆಕೆಯ ಹೆಸರು ಪತ್ರಿಕೆಯಲ್ಲಿ ಬಂದಾಗ ನನಗೆ ಇಂದಿಗೂ ಹೊಟ್ಟೆಯಲ್ಲಿ ಸಣ್ಣಗೆ ಉರಿಯುತ್ತದೆ. ಪತ್ರ ಬರೆದ ಮಾತ್ರಕ್ಕೆ ಅದು ಹೋಗುವುದಿಲ್ಲ.

ಈ ಕೆಲಸ ನನಗೆ ಕಲಿಸಿದ್ದು ಸಣ್ಣ ಪಾಠ. ಹೊಟ್ಟೆಕಿಚ್ಚು ನನ್ನಿಂದ ಸುಳ್ಳು ಹೇಳಿಸಲಿಲ್ಲ. ಹಾಗೆ ಹೇಳಿಸಿದ್ದರೆ ನನಗೆ ಗೊತ್ತಾಗುತ್ತಿತ್ತು. ಅದು ಪ್ರತಿ ಸಲ ಕಥೆ ಹೇಳುವಾಗ ನನ್ನನ್ನು ಒಂದು ಗೇಣು ಒಳಗೆ ಸರಿಸಿತು: ರಸ್ತೆಯಿಂದ ಬಾಗಿಲಿಗೆ, ಬಾಗಿಲಿಂದ ಅಂಗಳಕ್ಕೆ, ಕೊನೆಗೆ ಮಂಚದ ಮೇಲಕ್ಕೆ. ಮನಸ್ಸಿನ ಬಗ್ಗೆ ಓದಿದ್ದು ಆ ಮನಸ್ಸಿನಿಂದ ಕಾಪಾಡುವುದಿಲ್ಲ. ಕ್ಷೇತ್ರಕಾರ್ಯ ಮಾಡುವ ಕಿರಿಯರಿಗೆ ನಾನು ಹೇಳುವುದು ಇಷ್ಟೇ. ಯಾವ ಮಾತು ಯಾರು ಹೇಳಿದರು ಎಂಬುದನ್ನು ಅದೇ ದಿನ, ಹೇಳಿದವರ ಎದುರಿಗೇ ಬರೆದಿಡಿ. ತಡಮಾಡಿದರೆ ಅದನ್ನು ಬರೆಯುವವರು ನೀವಾಗಿರುವುದಿಲ್ಲ.

ಮಿಕ್ಕದ್ದೆಲ್ಲ ಹೇಗಾದರೂ ಇರಲಿ, ಪರಿಶೀಲಿಸಿ ಖಚಿತಪಡಿಸಿಕೊಂಡ ಒಂದು ಸಂಗತಿ ಇದೆ. ಆ ಧ್ವನಿಮುದ್ರಿಕೆ ಹನ್ನೊಂದು ನಿಮಿಷದ್ದು. ಅದನ್ನು ಮೂರು ಸಲ ಕೇಳಿದ್ದೇನೆ. ಪ್ರಶ್ನೆ ಕೇಳುವ ದನಿ ಸುಜಾತಾಳದು, ಉತ್ತರ ಕಾಶಿಬಾಯಿಯದು. ನನ್ನ ದನಿ ಒಂದೇ ಒಂದು ಸಲ ಬರುತ್ತದೆ, ಕೊನೆಯ ಅರ್ಧ ನಿಮಿಷದಲ್ಲಿ, ಬಾಗಿಲು ಕಿರುಗುಟ್ಟಿದ ಮೇಲೆ: "ಮುಗೀತೇನ್ ಸುಜಾತಾ? ಆ ದೇವರ ಪುರಾಣ ಬಿಡ್ರಿ, ಹೊತ್ತಾಗ್ಯದ."